ಬೀಜಸಂಖ್ಯೆ

ಅಡುಗೆಮನೆಯಲ್ಲಿ ಮುನಿಯಕ್ಕ ಪಾತ್ರೆ ತಿಕ್ಕುತ್ತಿದ್ದಳು. ಹೊರಗೆ ಸೋಫಾದಲ್ಲಿ ಭಾನುವಾರದ ಪೇಪರು ಹಿಡಿದು ಕೂತಿದ್ದ ವಿಶ್ವನಾಥನಿಗೆ ಒಂದು ಸಾಲೂ ತಲೆಗೆ ಹತ್ತುತ್ತಿರಲಿಲ್ಲ. ಅವಳಿಗೆ ಗೊತ್ತಿಲ್ಲದ ಒಂದು ಸಂಗತಿ ನಿನ್ನೆ ಸಂಜೆಯಿಂದ ಅವನಿಗೆ ಗೊತ್ತಿತ್ತು. ಇವತ್ತು ಮಧ್ಯಾಹ್ನ ಬಾಗಲಗುಂಟೆಯ ಸಮುದಾಯ ಭವನದಲ್ಲಿ ಶಿಶುವಿಹಾರದ ಸೀಟುಗಳಿಗೆ ಲಾಟರಿ ಎತ್ತುವಾಗ ಅವಳ ಮೊಮ್ಮಗ ಗಗನನ ಹೆಸರು ಬರುವುದಿಲ್ಲ. ಬರುವುದಿಲ್ಲ ಅಂದರೆ ಬರುವುದಿಲ್ಲ, ಅದರಲ್ಲಿ ಅನುಮಾನವೇ ಇಲ್ಲ. ಅವಳು ಮಾತ್ರ ಎಂದಿಗಿಂತ ಹೆಚ್ಚು ಹುರುಪಿನಲ್ಲಿದ್ದಳು. ನಡುನಡುವೆ ನಲ್ಲಿ ನಿಲ್ಲಿಸಿ, 'ಸಾ, ಮೂರು ಗಂಟೇಗೇ ಅಲ್ವ್ರಾ? ವೇಣಿನೂ ಬತ್ತಾಳೆ, ಇವತ್ತು ಓಟಿ ಮಾಡಕಿಲ್ಲ ಅಂತ ಏಳ್ಬುಟ್ಟವ್ಳೆ,' ಎಂದು ಅಲ್ಲಿಂದಲೇ ಕೂಗುತ್ತಿದ್ದಳು. ವೇಣಿ ಅವಳ ಸೊಸೆ, ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್, ಭಾನುವಾರವೂ ಓವರ್‌ಟೈಮ್ ಮಾಡುವವಳು. 'ಹೂಂ, ಮೂರಕ್ಕೆ' ಅಂದ ವಿಶ್ವನಾಥ. ದನಿ ಅಷ್ಟು ಸಹಜವಾಗಿ ಬಂದದ್ದಕ್ಕೆ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಇದೆಲ್ಲ ಶುರುವಾದದ್ದು ಅವನು ಪತ್ರಿಕೆಗೆ ಬರೆದ ಒಂದು ಲೇಖನದಿಂದ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಗಣಿತ ಪಾಠ ಮಾಡುವವನನ್ನು ಕೇಳುವವರು ಯಾರು? ಹುಡುಗರು ಮೊಬೈಲಿನಲ್ಲಿ ಮುಳುಗಿರುತ್ತಾರೆ, ಉಳಿದ ವಿಭಾಗದವರು ದಾರಿಯಲ್ಲಿ ಸಿಕ್ಕರೆ 'ಏನ್ ಸಾರ್, ಆರಾಮಾ?' ಅನ್ನುತ್ತಾರೆ, ಉತ್ತರಕ್ಕೆ ನಿಲ್ಲುವುದಿಲ್ಲ. ಆ ಉರಿಯಲ್ಲೇ ಬರೆದಿದ್ದ. ನೀರು, ರೇಷನ್ನು, ಆಸ್ಪತ್ರೆಯ ಹಾಸಿಗೆ, ಯಾವುದನ್ನು ಹಂಚುವಾಗಲೂ ನಮ್ಮಲ್ಲಿ ಅನ್ಯಾಯವಾಗುವುದು ಹಂಚುವವನಿಗೆ ಮುಖದಾಕ್ಷಿಣ್ಯ ಇರುವುದರಿಂದ, ಗಣಿತಕ್ಕೆ ಅದಿಲ್ಲ, ಆದ್ದರಿಂದ ಸಮಾಜದ ಅರ್ಧ ಸಮಸ್ಯೆಗಳನ್ನು ಗಣಿತದ ಕೈಗೆ ಕೊಟ್ಟು ನಾವು ಪಕ್ಕಕ್ಕೆ ಸರಿಯಬೇಕು, ಎಂದು. ಅದನ್ನು ಓದಿ ಭಾನುಪ್ರಕಾಶ್ ಒಂದು ಬುಟ್ಟಿ ಹಣ್ಣು ಹಿಡಿದು ಮನೆಗೆ ಬಂದ. ಪೀಣ್ಯದ ಕೆಲವು ಕಾರ್ಖಾನೆ ಮಾಲೀಕರು ಸೇರಿ ಕಟ್ಟಿದ ಟ್ರಸ್ಟಿಗೆ ಅವನು ಕಾರ್ಯದರ್ಶಿ. ಗಾರ್ಮೆಂಟ್ಸ್ ಹೆಂಗಸರ ಮಕ್ಕಳಿಗೆಂದು ಅವರು ನಡೆಸುವ ಪುಕ್ಕಟೆ ಶಿಶುವಿಹಾರದಲ್ಲಿ ಇರುವುದು ಇಪ್ಪತ್ತನಾಲ್ಕು ಸೀಟು, ಬರುವ ಅರ್ಜಿ ನೂರರ ಹತ್ತಿರ. ಹೋದ ವರ್ಷ ಸೀಟೆಲ್ಲ ಲೀಡರುಗಳ ಲೆಟರಿನ ಮೇಲೆ ಹೋಗಿ, ಹೆಂಗಸರು ಗೇಟಿನ ಮುಂದೆ ಕೂತು ಗಲಾಟೆಯಾಗಿತ್ತು. 'ನೀವು ಹೇಳಿದ್ದು ನೂರಕ್ಕೆ ನೂರು ಸರಿ ಸಾರ್. ಈ ಸಲ ನಿಮ್ಮ ಕೈಗೇ ಬಿಟ್ಬಿಡ್ತೀವಿ,' ಅಂದಿದ್ದ ಭಾನುಪ್ರಕಾಶ್. ವಿಶ್ವನಾಥನಿಗೆ ಜೀವನದಲ್ಲಿ ಮೊದಲ ಸಲ ತನ್ನ ವಿದ್ಯೆಗೆ ಯಾರೋ ಎದ್ದು ನಿಂತು ಕೈ ಮುಗಿದಂತಾಗಿತ್ತು.

ಮಾರಮ್ಮನ ಗುಡಿಯಲ್ಲಿ ಚೀಟಿ ಹಾಕಿ ಎತ್ತಿದರೆ ಸಾಕಲ್ಲ ಎಂದು ಅರ್ಜಿ ಹಾಕಿದವರನ್ನು ಕರೆದ ಮೊದಲ ಸಭೆಯಲ್ಲೇ ಕೆಲವರು ಹೇಳಿದ್ದರು. ನಕ್ಕುಬಿಟ್ಟಿದ್ದ. ಚೀಟಿ ಮಡಿಸುವ ಕೈ ಯಾರದ್ದು, ಎತ್ತುವ ಕೈ ಯಾರದ್ದು ಎಂದು ಎಲ್ಲರ ಮುಂದೆ ಪಾಟೀಸವಾಲು ಹಾಕಿ, ಕಂಪ್ಯೂಟರಿನ ವಿಧಾನ ವಿವರಿಸಿದ್ದ. ಕಂಪ್ಯೂಟರಿಗೆ ಮೊದಲು ಒಂದು ಸಂಖ್ಯೆ ಕೊಡಬೇಕು. ಆ ಸಂಖ್ಯೆ ಹಿಡಿದು ಅದು ಹೆಸರುಗಳನ್ನೆಲ್ಲ ಕಲೆಸಿ ಒಂದು ಸಾಲು ಮಾಡುತ್ತದೆ, ಸಾಲಿನಲ್ಲಿ ಮೊದಲು ಬಂದ ಇಪ್ಪತ್ತನಾಲ್ಕು ಮಕ್ಕಳಿಗೆ ಸೀಟು. ಬೇರೆ ಸಂಖ್ಯೆ ಕೊಟ್ಟರೆ ಬೇರೆ ಸಾಲು. ಅದೇ ಸಂಖ್ಯೆ ಕೊಟ್ಟರೆ ಎಷ್ಟು ಸಲ ಕಲೆಸಿದರೂ ಅದೇ ಸಾಲು. ಬೀಜಸಂಖ್ಯೆ ಎಂದು ಅದಕ್ಕೆ ಅವನೇ ಕನ್ನಡದ ಹೆಸರು ಕೊಟ್ಟಿದ್ದ. ಸಂಖ್ಯೆಯನ್ನು ಬರೆದು ಲಕೋಟೆಯಲ್ಲಿ ಅಂಟಿಸಿ ತರುತ್ತೇನೆ, ನಿಮ್ಮೆದುರಿಗೇ ಒಡೆಯುತ್ತೇನೆ, ಆಮೇಲೆ ಯಾರು ಬೇಕಾದರೂ ಅದನ್ನೇ ಹಾಕಿ ತಾಳೆ ನೋಡಿಕೊಳ್ಳಬಹುದು ಅಂದಾಗ ಚಪ್ಪಾಳೆ ಬಿದ್ದಿತ್ತು. ಮೊದಲೇ ನೀವು ಹಾಕಿ ನೋಡಿಬಿಟ್ಟರೆ, ಎಂದು ಒಬ್ಬರೂ ಕೇಳಲಿಲ್ಲ. ಅವನಿಗೂ ಹೊಳೆಯಲಿಲ್ಲ. ನಿನ್ನೆ ಸಂಜೆ, ಯಾವ ಕೆಲಸವನ್ನೂ ಎರಡು ಸಲ ಪರೀಕ್ಷಿಸದೆ ಬಿಡದ ತನ್ನ ಹಾಳು ಅಭ್ಯಾಸದಲ್ಲಿ, ನಿಜವಾದ ಹೆಸರುಗಳನ್ನೇ ತುಂಬಿ, ಲಕೋಟೆಯೊಳಗಿನ ನಿಜವಾದ ಸಂಖ್ಯೆಯನ್ನೇ, ತನ್ನ ಮೊದಲ ಸ್ಕೂಟರಿನ ನಂಬರನ್ನೇ ಕೊಟ್ಟು ಒಂದು ಗುಂಡಿ ಒತ್ತಿದ. ಎಲ್ಲ ಸರಿಯಾಗಿ ಕೆಲಸ ಮಾಡಿತು. ಎಲ್ಲಕ್ಕಿಂತ ಮೇಲೆ, 'ಜನ್ವಿತಾ, ತಾಯಿ ಕೃಷ್ಣಮ್ಮ' ಎಂದು ಬಂತು. ಯಾರೋ ಏನೋ, ಅದೃಷ್ಟವಂತೆ ಅಂದುಕೊಂಡು ಕಣ್ಣು ಕೆಳಗಿಳಿಸುತ್ತ ಹೋದ. ಗಗನನ ಹೆಸರು ಎಪ್ಪತ್ತರ ಆಚೆ ಎಲ್ಲೋ ಇತ್ತು.

'ಮುನಿಯವ್ವಾ, ನೀರು ಕಾದಾವೇನ?' ಒಳಗಿನ ಕೋಣೆಯಿಂದ ಅವ್ವನ ದನಿ ಬಂತು. ಅವ್ವ ಚನ್ನಬಸಮ್ಮನ ಸೊಂಟದ ಮೂಳೆ ಮುರಿದು ಮಂಚ ಹಿಡಿದ ಮೇಲೆ ಅವಳಿಗೆ ಸ್ನಾನ ಮಾಡಿಸಲು ಬಂದವರಲ್ಲಿ ನಿಂತವಳು ಮುನಿಯಕ್ಕ ಒಬ್ಬಳೇ. ಏಜೆನ್ಸಿಯ ಹುಡುಗಿಯರು ಬಂದರು, ಮೂಟೆ ಎಳೆದಂತೆ ಎಳೆದರು, ಅವ್ವ ಕಿರುಚಿದಳು, ಅವರು ಹೋದರು. ಸ್ನಾನವಿಲ್ಲದೆ ಲಿಂಗಪೂಜೆ ಇಲ್ಲ, ಪೂಜೆಯಾಗದೆ ಅವ್ವ ಒಂದು ತುತ್ತು ಬಾಯಿಗಿಡುವುದಿಲ್ಲ. ನಡುವೆ ಮುನಿಯಕ್ಕ ಜ್ವರ ಬಂದು ಮಲಗಿದ ಎರಡು ದಿನ ಅವ್ವ ಬರೀ ನೀರು ಕುಡಿದು ಗೋಡೆ ಕಡೆ ತಿರುಗಿ ಮಲಗಿದ್ದಳು. ರಾಣೆಬೆನ್ನೂರಿನಲ್ಲಿ ಮನೆತುಂಬ ಆಳುಗಳನ್ನು ಆಡಿಸಿದವಳು, ಈಗ ಈ ಮುನಿಯಕ್ಕನ ತೋಳಿಗೆ ಜೋತುಬಿದ್ದು ಬಚ್ಚಲಿಗೆ ಹೋಗುವಾಗ ಮಗುವಿನಂತೆ ನಗುತ್ತಾಳೆ. ಸೊಸೆ ಹತ್ತಿರ ಬಂದರೆ ನಗು ಆರಿಹೋಗುತ್ತದೆ. ಮಗನನ್ನಂತೂ ಸೆರಗು ಸರಿಮಾಡಿಕೊಂಡು ಹೊರಗೆ ಕಳಿಸುತ್ತಾಳೆ.

ಮೊದಲೆಲ್ಲ ಮುನಿಯಕ್ಕ ಗಗನನನ್ನೂ ಕರೆದುಕೊಂಡೇ ಬರುತ್ತಿದ್ದಳು. ಅವನು ಅಡುಗೆಮನೆಯ ನೆಲದ ಮೇಲೆ ಕೂತು ಲೋಟಗಳನ್ನು ಒಂದರೊಳಗೊಂದು ಹಾಕಿ ತೆಗೆಯುತ್ತಿದ್ದ, ಅವ್ವ ಮಂಚದಿಂದಲೇ ಬಿಸ್ಕತ್ತು ತೋರಿಸಿ ಕರೆಯುತ್ತಿದ್ದಳು. ಒಂದು ದಿನ ಲಿಫ್ಟಿನಲ್ಲಿ ಉಚ್ಚೆ ಹೊಯ್ದುಬಿಟ್ಟ. ಯಾರೋ ಅದರ ಫೋಟೋ ತೆಗೆದು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಹಾಕಿ, ಕೆಲಸದವರು ಮಕ್ಕಳನ್ನು ಲಿಫ್ಟಿಗೆ ಹತ್ತಿಸುವಂತಿಲ್ಲ ಎಂದು ಬರೆದರು. ಒಬ್ಬೊಬ್ಬರೇ ಹೆಬ್ಬೆರಳು ಎತ್ತಿ ಒಪ್ಪಿಗೆ ತೋರಿಸತೊಡಗಿದರು. ಎಲ್ಲರೂ ಎತ್ತಿದ ಮೇಲೆ ತನ್ನದೊಂದು ಇಲ್ಲದಿದ್ದರೆ ಚೆನ್ನಾಗಿರುವುದಿಲ್ಲ ಎಂದು ವಿಶ್ವನಾಥನೂ ಒಂದು ಹೆಬ್ಬೆರಳು ಎತ್ತಿದ. ಅಂದಿನಿಂದ ಅವಳು ಮಗುವನ್ನು ಪಕ್ಕದ ಮನೆಯವರ ಕೈಕಾಲು ಹಿಡಿದು ಬಿಟ್ಟು, ಅವ್ವನ ಸ್ನಾನ, ಪಾತ್ರೆ ಮುಗಿಸಿಕೊಂಡು ಓಡುತ್ತಾಳೆ. ಆ ಮನೆಯವರೂ ಈಗ ಆಗುವುದಿಲ್ಲ ಅಂದಿದ್ದಾರೆ. 'ಸೀಟು ಸಿಗನಿಲ್ಲ ಅಂದ್ರೆ ನಾನು ಬಿಡ್ಬೇಕಾಯ್ತದೆ ಸಾ,' ಅಂದಿದ್ದಳು ಹೋದ ವಾರ, ತಲೆ ತಗ್ಗಿಸಿ. 'ವೇಣಿ ಕೆಲ್ಸ ಬುಟ್ರೆ ಮನೆ ನಡೆಯಕಿಲ್ಲ. ಮಗೀನ ನಾನೇ ನೋಡ್ಕಬೇಕು. ಅಮ್ಮೋರ್ನ ನೆನುಸ್ಕಂಡ್ರೆ ಒಟ್ಟೆ ಉರೀತದೆ, ಏನ್ ಮಾಡನ?'

ತಿಂಡಿಗೆ ಕೂತಾಗ ರಕ್ಷಿತಾ ಅದನ್ನೇ ಎತ್ತಿದಳು. ಅವನ ಹೆಂಡತಿ ಬ್ಯಾಂಕಿನಲ್ಲಿ ಅಧಿಕಾರಿ, ಮಾತು ಸುತ್ತಿಬಳಸಿ ಗೊತ್ತಿಲ್ಲ. 'ಒಂದು ಸೀಟು ಕೊಡಿಸೋಕಾಗಲ್ವೇನ್ರೀ? ಎಲ್ಲಾ ನಿಮ್ಮ ಕೈಯಲ್ಲೇ ಇದೆ ತಾನೇ?'

'ನನ್ನ ಕೈಯಲ್ಲಿ ಏನೂ ಇಲ್ಲ. ಅದೇ ಅದರ ವಿಶೇಷ.'

'ಮುನಿಯಕ್ಕ ಬಿಟ್ರೆ ಅತ್ತೆ ಉಪವಾಸ ಬೀಳ್ತಾರೆ. ಅದೂ ವಿಶೇಷಾನೇ.'

'ಲೀಡರ್‌ಗಳು ಲೆಟರ್ ಕೊಡ್ತಿದ್ರಲ್ಲ, ಅವರಿಗೂ ಹೀಗೇ ಏನೋ ಒಂದು ಕಾರಣ ಇರ್ತಿತ್ತು, ರಕ್ಷಿತಾ,' ಎಂದು ದನಿ ಏರಿಸಿದ. ಅವಳು ಉಪ್ಪಿಟ್ಟಿನ ತಟ್ಟೆ ಎತ್ತಿಕೊಂಡು ಹೋದಳು. ತಾನು ಆಡಿದ್ದು ಒಳ್ಳೆಯ ಮಾತು, ಲೇಖನದಲ್ಲಿ ಸೇರಿಸಬಹುದಾಗಿದ್ದ ಮಾತು ಎಂದು ಅವನಿಗೆ ಆ ಗಳಿಗೆಯಲ್ಲೂ ಅನಿಸಿತು.

ಬಚ್ಚಲಿನಲ್ಲಿ ನೀರು ಸುರಿಯುತ್ತಿತ್ತು. 'ಮೆಲ್ಲಗ್, ಮೆಲ್ಲಗ್' ಎಂದು ಅವ್ವ, 'ಇಡ್ಕಳಿ ನನ್ನ ಎಗಲ್ನ' ಎಂದು ಮುನಿಯಕ್ಕ. ಅವನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಲಕೋಟೆ ಮೇಜಿನ ಮೇಲಿತ್ತು. ನೋಡಿಬಿಟ್ಟದ್ದೇ ಒಂದು ತಪ್ಪು. ನೋಡಿದ ಮೇಲೆ ಅದೇ ಸಂಖ್ಯೆಯನ್ನು ಇಟ್ಟುಕೊಂಡರೂ ಈಗ ಅದು ಲಾಟರಿಯಲ್ಲ, ತಾನು ಬೇಕೆಂದೇ ಗಗನನನ್ನು ಹೊರಗಿಟ್ಟಂತೆಯೇ ಅಲ್ಲವೇ? ಹಾಗಾದರೆ ಬದಲಾಯಿಸುವುದೇ ಸರಿಯಾದ ಕ್ರಮ. ಹೊಸ ಸಂಖ್ಯೆ ಬರೆದು, ನೋಡದೆ, ಅಂಟಿಸಿಬಿಡಬೇಕು. ಇಷ್ಟು ಚೆನ್ನಾಗಿ ಯೋಚಿಸಿದವನು ಹೊಸ ಸಂಖ್ಯೆಯನ್ನು ಹಾಕಿ ನೋಡಿದ. ಅವ್ವ ಹುಟ್ಟಿದ ವರ್ಷ. ಗಗನ ಇಲ್ಲ. ಮದುವೆಯ ತಾರೀಖು. ಇಲ್ಲ. ಪ್ರತಿ ಸಲ ಗುಂಡಿ ಒತ್ತಿದಾಗಲೂ ಹೆಸರುಗಳು ಬಸ್ಸಿನ ಬಾಗಿಲಲ್ಲಿ ನೂಕಾಡುವ ಜನರಂತೆ ಮೇಲೆ ಕೆಳಗೆ ಆಗುತ್ತಿದ್ದವು. ಒಳಗಿದ್ದವರು ಹೊರಗೆ, ಹೊರಗಿದ್ದವರು ಒಳಗೆ. ಇಪ್ಪತ್ತನಾಲ್ಕು ಮನೆಗಳಲ್ಲಿ ಒಲೆ ಹತ್ತುತ್ತದೋ ಇಲ್ಲವೋ ಎಂಬುದು ತನ್ನ ಒಂದು ಬೆರಳಲ್ಲಿದೆ ಅನಿಸಿ ಅವನಿಗೆ ಒಂದು ಕೊಳಕು ಸುಖವಾಯಿತು. ಅದನ್ನು ಅವನು ಗುರುತಿಸಿದ, ಆದರೂ ಕೈ ನಿಲ್ಲಿಸಲಿಲ್ಲ. ಕೊನೆಗೆ ಏನೂ ತೋಚದೆ ಮನೆಯ ನಂಬರು ಹಾಕಿದ, ಏಳುನೂರ ನಾಲ್ಕು. ಗಗನನ ಹೆಸರು ಹತ್ತರೊಳಗೆ ಬಂದು ಕೂತಿತ್ತು. ಯಾರ ಹೆಸರು ಹೋಯಿತು ಎಂದು ನೋಡಬಾರದು ಅಂದುಕೊಂಡ. ನೋಡಿದ. ನಿನ್ನೆ ಎಲ್ಲಕ್ಕಿಂತ ಮೇಲಿದ್ದ ಜನ್ವಿತಾ ಎಲ್ಲೋ ಬುಡದಲ್ಲಿದ್ದಳು. ಹಳೆಯ ಲಕೋಟೆಯನ್ನು ಸಣ್ಣಗೆ ಹರಿದು ಹೊಸದನ್ನು ಅಂಟಿಸಿದ. ಅಷ್ಟರಲ್ಲಿ ಅವ್ವ ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತಿದ್ದಳು, ವಿಭೂತಿಯ ವಾಸನೆ ಬಾಗಿಲ ಸಂದಿಯಿಂದ ಬರುತ್ತಿತ್ತು.

ಸಮುದಾಯ ಭವನದ ಫ್ಯಾನುಗಳು ಸದ್ದು ಮಾಡುತ್ತಿದ್ದವು, ಗಾಳಿ ಬರುತ್ತಿರಲಿಲ್ಲ. ಹೆಂಗಸರು ನೆಲದ ಮೇಲೆ ಚಾಪೆ ಹಾಸಿ ಕೂತಿದ್ದರು. ಹೆಚ್ಚಿನವರು ರಜೆಯ ದಿನದ ಒಳ್ಳೆಯ ಸೀರೆಯಲ್ಲಿದ್ದರು, ಮಕ್ಕಳ ಕಣ್ಣಿಗೆ ಕಾಡಿಗೆ ತೀಡಿದ್ದರು, ದೃಷ್ಟಿಬೊಟ್ಟು ಇಟ್ಟಿದ್ದರು, ಮಕ್ಕಳ ಮುಖ ನೋಡಿ ಸೀಟು ಕೊಡುತ್ತಾರೇನೋ ಎಂಬಂತೆ. ಹಿಂದಿನಿಂದ ಸಿದ್ದರಾಜು ಎಂಬ ಲೇತ್ ಕೆಲಸದವನೊಬ್ಬ ಎದ್ದು ನಿಂತು, 'ಸಾರ್, ತಪ್ಪು ತಿಳ್ಕೋಬೇಡಿ, ಇನ್ನೂ ಕಾಲ ಮಿಂಚಿಲ್ಲ. ಮಾರಮ್ಮನ ಮುಂದೆ ಚೀಟಿ ಹಾಕಿ ಎತ್ತಿಬಿಡೋಣ. ನಮ್ಗೆ ಅದು ಅರ್ಥ ಆಗ್ತದೆ,' ಅಂದ. ವಿಶ್ವನಾಥ ಜೇಬಿನ ಮೇಲೆ ಕೈಯಿಟ್ಟುಕೊಂಡ. ಆಗಲಿ ಅಂದುಬಿಟ್ಟರೆ ಎಲ್ಲ ಕಳಚಿಕೊಳ್ಳುತ್ತದೆ. ಲಕೋಟೆ ಜೇಬಿನಲ್ಲೇ ಉಳಿಯುತ್ತದೆ. ಗಗನನ ಪಾಡು ಗಗನನಿಗೆ, ಜನ್ವಿತಾಳ ಪಾಡು ಜನ್ವಿತಾಳಿಗೆ. ಆದರೆ ಅಷ್ಟು ಹೊತ್ತಿಗೆ ಭಾನುಪ್ರಕಾಶ್ ಮೈಕು ಹಿಡಿದಾಗಿತ್ತು. 'ಕೂತ್ಕೋ ಗುರು. ಚೀಟಿಗೆ ಕೈಚಳಕ ಇದೆ, ಗಣಿತಕ್ಕೆ ಮುಖದಾಕ್ಷಿಣ್ಯ ಇಲ್ಲ ಅಂತ ಸಾರ್ ಪೇಪರಲ್ಲೇ ಬರ್ದಿದಾರೆ,' ಅಂದ. ಎಲ್ಲರೂ ತನ್ನನ್ನೇ ನೋಡುತ್ತಿದ್ದರು. ವಿಶ್ವನಾಥ ನಕ್ಕು, ಹೌದು ಎಂಬಂತೆ ತಲೆಯಾಡಿಸಿದ. ಸಿದ್ದರಾಜು ಮುಖ ಸಣ್ಣದು ಮಾಡಿಕೊಂಡು ಕೂತ.

ಲಕೋಟೆ ಒಡೆದದ್ದು, ಬೋರ್ಡಿನ ಮೇಲೆ ೭೦೪ ಎಂದು ದೊಡ್ಡದಾಗಿ ಬರೆದದ್ದು, ಪರದೆಯ ಮೇಲೆ ಹೆಸರುಗಳು ಬಂದದ್ದು, ಎಲ್ಲ ಕ್ಷಣದಲ್ಲಿ ಮುಗಿಯಿತು. ಸೀಟು ಸಿಕ್ಕ ಹೆಸರುಗಳನ್ನು ಮಾತ್ರ ಭಾನುಪ್ರಕಾಶ್ ಕೂಗಿದ. ಗಗನನ ಹೆಸರು ಬಂದಾಗ ವೇಣಿ 'ಅತ್ತೇ' ಎಂದು ಚೀರಿ ಮುನಿಯಕ್ಕನನ್ನು ತಬ್ಬಿಕೊಂಡಳು. ಮುನಿಯಕ್ಕ ಜನರ ನಡುವೆ ದಾರಿ ಮಾಡಿಕೊಂಡು ಬಂದು ಅವನ ಕಾಲಿಗೆ ಬಗ್ಗಿದಾಗ ಅವನು ಹಿಂದೆ ಸರಿದು, 'ನಾನೇನೂ ಮಾಡಿಲ್ಲ ಮುನಿಯಕ್ಕ, ಏನೂ ಮಾಡಿಲ್ಲ,' ಅಂದ. ಹೆಸರು ಬರದವರು ಸದ್ದಿಲ್ಲದೆ ಎದ್ದು ಮಕ್ಕಳನ್ನು ಸೊಂಟಕ್ಕೇರಿಸಿ ಹೊರಟರು. ಹೋದ ವರ್ಷದಂತೆ ಗಲಾಟೆಯಾಗಲಿಲ್ಲ, ಒಬ್ಬರೂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಬಾದಾಮಿ ಹಾಲಿನ ಲೋಟ ಹಿಡಿದು ಬಾಗಿಲ ಬಳಿ ನಿಂತಿದ್ದಾಗ ಒಬ್ಬಳು ಹತ್ತಿರ ಬಂದಳು. ಮೂವತ್ತರ ಆಸುಪಾಸು, ಹೆಗಲ ಮೇಲೆ ನಿದ್ದೆ ಹೋದ ಮಗು. 'ನಮಸ್ಕಾರ ಸಾರ್. ನಂಗೆ ಸಿಗ್ಲಿಲ್ಲ. ಆದ್ರೆ ನಿಮ್ಗೊಂದು ಮಾತು ಹೇಳ್ಬೇಕು ಅಂತ ನಿಂತೆ. ಹೋದ್ಸಲ ಲೆಟರ್ ಇಲ್ಲ ಅಂತ ಆಚೆ ಹಾಕಿದ್ರು, ವರ್ಷಪೂರ್ತಿ ಹೊಟ್ಟೆ ಉರ್ಕೊಂಡೆ. ಈ ಸಲ ಯಾರೂ ಮೋಸ ಮಾಡಿಲ್ಲ. ಅದೊಂದು ಸಮಾಧಾನ ಸಾರ್.'

'ನಿಮ್ಮ ಹೆಸರು?' ಅಂದ. ಕೇಳಬಾರದಿತ್ತು.

'ಕೃಷ್ಣಮ್ಮ. ಇಷ್ಟು ದಿನ ನಮ್ಮಕ್ಕ ಮಗೂನ ನೋಡ್ಕೊಂತಿದ್ಲು, ಅವಳು ಊರಿಗೆ ಹೋಗ್ತಾಳೆ. ಇನ್ನ ಗಾರ್ಮೆಂಟ್ಸ್ ಬಿಡ್ಬೇಕು, ಏನ್ಮಾಡೋದು. ಬರ್ತೀನಿ ಸಾರ್.'

ಮೈಕು ಇನ್ನೂ ಆನ್ ಇತ್ತು, ಯಾರೋ ಅದನ್ನು ತಟ್ಟಿ ನೋಡುತ್ತಿದ್ದರು. ಅಲ್ಲಿಗೆ ಹೋಗಲು ಹತ್ತು ಹೆಜ್ಜೆಯೂ ಬೇಕಿರಲಿಲ್ಲ. ಹೋಗಿ ಏನು ಹೇಳುವುದು? ಹೇಳಿದರೆ ಗಗನನ ಸೀಟು ಹೋಗುತ್ತದೆ, ಮುನಿಯಕ್ಕ ಹೋಗುತ್ತಾಳೆ, ಅವ್ವ ಗೋಡೆಯ ಕಡೆ ತಿರುಗಿ ಮಲಗುತ್ತಾಳೆ. ಅಷ್ಟೇ ಅಲ್ಲ, ಇನ್ನು ಮುಂದೆ ಯಾವ ಪತ್ರಿಕೆಯೂ ತನ್ನಿಂದ ಲೇಖನ ಕೇಳುವುದಿಲ್ಲ. ಕೊನೆಯ ಕಾರಣ ಮೊದಲ ಮೂರಕ್ಕಿಂತ ಗಟ್ಟಿಯಾಗಿದೆ ಎಂದು ತಿಳಿದು ಅವನಿಗೆ ನಾಚಿಕೆಯಾಯಿತು. ಹಾಲು ಕುಡಿದು ಮುಗಿಸಿದ. ಸಿಹಿ ಜಾಸ್ತಿಯಿತ್ತು.

ಮರುದಿನ ಮುನಿಯಕ್ಕ ಮೈಸೂರ್‌ಪಾಕಿನ ಡಬ್ಬಿ ತಂದಳು. ಅವ್ವನ ಬಾಯಿಗೆ ಒಂದು ಚೂರು ಇಟ್ಟು, ಅವನ ಮುಂದೆ ಡಬ್ಬಿ ಹಿಡಿದು, ಸೆರಗಿನ ತುದಿ ತಿರುವುತ್ತ ನಿಂತಳು. 'ಒಂದ್ ಮಾತು ಸಾ. ಬರೋ ತಿಂಗಳಿಂದ ನಾನು ಬರಕ್ಕಾಗಕಿಲ್ಲ. ಗಗನ ಸೇರ್ಕಂಡ್ನಲ್ಲ, ಇನ್ನು ನಂಗೂ ಬೆಳಗ್ಗೆಯಿಂದ ಸಂಜೆಗಂಟ ಬಿಡುವು. ಮಾಕಳಿ ತಾವ ಪ್ಯಾಕಿಂಗ್ ಕೆಲ್ಸ ಐತಂತೆ, ಕುಂತ್ಕಂಡೇ ಮಾಡದು, ಪಿಎಫ್ ಎಲ್ಲಾ ಕೊಡ್ತಾರಂತೆ. ವೇಣಿ ಏಳಿ ಇಟ್ಟಿದ್ಲು, ಮಗೀನ ದೆಸೆಯಿಂದ ಓಗಕ್ಕಾಗಿರನಿಲ್ಲ.'

'ಸೀಟು ಸಿಗದಿದ್ದರೆ ಬಿಡ್ತೀನಿ ಅಂದಿದ್ದೆಯಲ್ಲ?' ವಿಶ್ವನಾಥನ ದನಿ ಒಡೆಯಿತು.

'ಊ ಸಾ. ಸಿಕ್ತಲ್ಲ, ಅದಕ್ಕೇ ಓಯ್ತಿರದು,' ಅಂದಳು ಮುನಿಯಕ್ಕ, ಅವನು ಯಾಕೆ ಹಾಗೆ ನೋಡುತ್ತಾನೆಂದು ಅರ್ಥವಾಗದೆ.

ಪ್ರತಿ ವರ್ಷ ಮೊದಲ ಸೆಮಿಸ್ಟರಿನ ಮೊದಲ ವಾರ ಅವನು ಒಂದೇ ಪಾಠದಿಂದ ಶುರು ಮಾಡುತ್ತಿದ್ದ. ಮಳೆ ಬಂದರೆ ರಸ್ತೆ ಒದ್ದೆಯಾಗುತ್ತದೆ. ಹಾಗೆಂದು, ಮಳೆ ಬರದಿದ್ದರೆ ರಸ್ತೆ ಒಣಗಿರುತ್ತದೆ ಅನ್ನುವವರು ಕೈ ಎತ್ತಿ. ಅರ್ಧ ಕ್ಲಾಸು ಕೈ ಎತ್ತುತ್ತಿತ್ತು. ದಡ್ಡರಾ, ನಮ್ಮ ಬೆಂಗಳೂರಲ್ಲಿ ನೀರಿನ ಟ್ಯಾಂಕರ್ ಸೋರಿಕೊಂಡು ಹೋಗಿರಬಹುದಲ್ಲ, ಅನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ಇಷ್ಟು ವರ್ಷದಲ್ಲಿ ಅವನ ಕ್ಲಾಸಿನಲ್ಲಿ ಹುಡುಗರು ಮನಸಾರೆ ನಕ್ಕ ಜಾಗ ಅದೊಂದೇ. ಸೀಟು ಸಿಗದಿದ್ದರೆ ಹೋಗುತ್ತಾಳೆ ಅಂದಿದ್ದಳು. ಸಿಕ್ಕರೆ ಇರುತ್ತಾಳೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅಷ್ಟೂ ಹೊಲಸಿನಲ್ಲಿ ಕೈ ಅದ್ದಿದ್ದು ಇದಕ್ಕೆ.

'ಅಮ್ಮೋರ್ದು ಏನೂ ಯೋಚ್ನೆ ಮಾಡಬ್ಯಾಡಿ ಸಾ,' ಎಂದು ಮುನಿಯಕ್ಕ ಅವನ ಮುಖ ನೋಡಿ ಅವಸರದಲ್ಲಿ ಹೇಳಿದಳು. 'ನಾನೇ ಒಬ್ಳನ್ನ ನೋಡಿವ್ನಿ. ಬಾರಿ ಒಳ್ಳೇಳು, ಕೈ ಮೆತ್ತಗೆ. ಗಾರ್ಮೆಂಟ್ಸ್ ಬುಡ್ತಾವ್ಳೆ ಪಾಪ, ಮಗೀಗೆ ಸೀಟು ಸಿಗನಿಲ್ಲ. ಮಗೀನ ಕರ್ಕಂಡು ಬತ್ತೀನಿ ಅಂದವ್ಳೆ, ಒಂಚೂರು ಒಪ್ಕಳಿ. ನಿಮ್ಮನೆ ಅಂದ ತಕ್ಷಣ, ಆ ಸಾರ್ ಮನೆನಾ, ಅಲ್ಲಾದ್ರೆ ಬತ್ತೀನಿ ಅಂದ್ಲು. ಕೃಷ್ಣಮ್ಮ ಅಂತ.' ಒಳಗಿನಿಂದ ರಕ್ಷಿತಾ, 'ಸದ್ಯ! ನಾಳೆಯಿಂದಲೇ ಕಳಿಸು, ಕೆಲಸ ತೋರಿಸಿಕೊಟ್ಟು ಹೋಗುವಿಯಂತೆ,' ಅಂದಳು. ವಿಶ್ವನಾಥ ಬೇಡ ಅನ್ನಲು ಬಾಯಿ ತೆರೆದ. ಬೇಡ ಅನ್ನಲು ಒಂದು ಕಾರಣ ಕೊಡಬೇಕಿತ್ತು.

ಅಲ್ಲಿಯವರೆಗೆ ಕೃಷ್ಣಮ್ಮ ಮಗುವನ್ನು ಅಕ್ಕನ ಬಳಿ ಬಿಟ್ಟು ಒಬ್ಬಳೇ ಬಂದು ಕೆಲಸ ಕಲಿತಳು. ತಿಂಗಳು ತಿರುಗಿ ಮುನಿಯಕ್ಕ ಕೆಲಸ ಬಿಟ್ಟ ಮರುದಿನ ಬೆಳಗ್ಗೆ ಗೇಟಿನಿಂದ ಫೋನು ಬಂತು. 'ಸಾರ್, ನಿಮ್ಮನೆ ಕೆಲಸದವರು ಇವತ್ತು ಮಗೂನೂ ಕರ್ಕೊಂಡು ಬಂದಿದಾರೆ. ಮಕ್ಕಳಿಗೆ ಲಿಫ್ಟ್ ಇಲ್ಲ ಅಂತ ರೂಲ್ಸ್ ಇದ್ಯಲ್ಲ ಸಾರ್, ಏನ್ ಮಾಡ್ಲಿ?' ಹತ್ತಿಸಿ, ನಾನು ಹೇಳಿದ್ದೇನೆ ಅನ್ನಿ, ಎನ್ನಬಹುದಿತ್ತು. 'ಮೆಟ್ಟಿಲಲ್ಲಿ ಬರಲಿ' ಅಂದ. ಏಳು ಮಹಡಿ ಹತ್ತಿ ಬಂದ ಕೃಷ್ಣಮ್ಮ ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತಲೇ ನಕ್ಕಳು. 'ಇವತ್ತೂ ಗೇಟಲ್ಲಿ ಮನೆ ನಂಬರ್ ಕೇಳಿದ್ರು ಸಾರ್. ಬೋರ್ಡಲ್ಲಿ ಬರ್ದಿದ್ರಲ್ಲ, ಅದೇ ನಂಬರ್. ಮರೆಯಕ್ಕಾಗ್ತದಾ?' ಎಂದು ಚಪ್ಪಲಿ ಬಿಟ್ಟು ಒಳಗೆ ಬಂದಳು. ಅವನು ಅವಳ ಮುಖವನ್ನು ಹುಡುಕಿದ. ಅನುಮಾನದ ಒಂದು ಎಳೆಯೂ ಅಲ್ಲಿರಲಿಲ್ಲ. ಅವಳು ಸೀದಾ ಬಚ್ಚಲಿಗೆ ಹೋಗಿ ಬಕೆಟ್ಟಿಗೆ ಬಿಸಿನೀರು ಬಿಟ್ಟಳು. ಮಗು ಅಡುಗೆಮನೆಯ ಹೊಸ್ತಿಲಲ್ಲಿ, ಗಗನ ಕೂರುತ್ತಿದ್ದ ಜಾಗದಲ್ಲೇ ಕೂತಿತು.

ಮಂಚದ ಮೇಲೆ ದಿಂಬಿಗೆ ಒರಗಿದ್ದ ಅವ್ವ ಬಿಸ್ಕತ್ತು ತೋರಿಸಿದಳು. 'ಬಾರವಾ ಇಲ್ಲಿ. ಎಷ್ಟ್ ಚಂದ ಐತಿ ಕೂಸು! ಹೆಸರೇನ್ ನಿಂದು?' ಮಗು ಬೆರಳು ಬಾಯಿಗಿಟ್ಟುಕೊಂಡು ಸುಮ್ಮನೆ ನೋಡಿತು. 'ಹೆಸರಿಲ್ಲೇನ ನಿನಗ?'

'ಜನ್ವಿತಾ,' ಅಂದ ವಿಶ್ವನಾಥ.

ಹೇಳಿದ್ದು ತಾನೇ ಎಂದು ತಿಳಿಯುವಷ್ಟರಲ್ಲಿ ಬಚ್ಚಲಿನ ನಲ್ಲಿ ನಿಂತಿತ್ತು. ಕೃಷ್ಣಮ್ಮ ಒದ್ದೆ ಕೈಯಲ್ಲೇ ಹೊರಗೆ ಬಂದು ನಿಂತಳು. 'ನಿಮ್ಗೆ ಹೆಂಗೆ ಗೊತ್ತು ಸಾರ್? ಮನೇಲಿ ಎಲ್ರೂ ಇವಳ್ನ ಪುಟ್ಟಿ ಅನ್ನೋದು. ಅವತ್ತು ಇವಳ ಹೆಸ್ರು ಕೂಗ್ಲೇ ಇಲ್ವಲ್ಲ.'

ಈಗ ಹೇಳಿಬಿಡಬೇಕು, ಇದಕ್ಕಿಂತ ಬೇರೆ ಗಳಿಗೆ ಸಿಗುವುದಿಲ್ಲ ಎಂದು ಅವನಿಗೆ ಸ್ಪಷ್ಟವಾಗಿ ಗೊತ್ತಾಯಿತು. 'ಅರ್ಜಿಯಲ್ಲಿ ಓದಿದ್ದೆ,' ಅಂದ.

ಕೃಷ್ಣಮ್ಮನ ಕಣ್ಣು ತುಂಬಿಕೊಂಡವು. 'ಅಷ್ಟೊಂದು ಅರ್ಜಿಲಿ, ಸೀಟು ಸಿಗದೇ ಇರೋ ಮಗೂ ಹೆಸ್ರೂ ನೆನಪಿಟ್ಕೊಂಡಿದೀರಲ್ಲ ಸಾರ್,' ಅಂದಳು. ಸೆರಗಿನಲ್ಲಿ ಕೈ ಒರೆಸಿಕೊಂಡು ಮಗುವಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಅದರ ಬಾಯಿಂದ ಬೆರಳು ತೆಗೆದಳು. 'ನೋಡು ಪುಟ್ಟಿ, ಸಾರ್‌ಗೆ ನಿನ್ನ ಹೆಸ್ರು ಗೊತ್ತು. ಕೈ ಮುಗಿ ಸಾರ್‌ಗೆ.'

ಮಗು ಎರಡೂ ಪುಟ್ಟ ಕೈ ಜೋಡಿಸಿ ಹಣೆಗೆ ಮುಟ್ಟಿಸಿತು. 'ಶಾಣ್ಯಾ ಕೂಸು,' ಅಂದಳು ಅವ್ವ. ವಿಶ್ವನಾಥ ಪೇಪರು ಎತ್ತಿ ಮುಖಕ್ಕೆ ಅಡ್ಡ ಹಿಡಿದ.